ವೆರ್ಚೆಲ್ಲಿಯ ನೀರಿನ ಸದ್ದು

ಒಂದೇ ಅರಿಶಿನದ ಎಲೆಯನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದೇನೆ ಎಂಬುದು ಪ್ರೇಮಾವತಿಗೆ ಗೊತ್ತಾದದ್ದು ಮಾಂತು ಹೇಳಿದ ಮೇಲೆಯೇ. ‘ಅಕ್ಕಾರ, ಆ ಎಲಿ ಇನ್ನ ಬಿಡ್ರಿ, ಅದರ ಬಣ್ಣ ನಿಮ್ಮ ಅರಬಿಗೆ ಹತ್ತಾಕತ್ತದ’ ಎಂದು ಅವನು ದೋಸೆಯ ಕಾವಲಿಗೆ ನೀರು ಚಿಮುಕಿಸಿ ನಕ್ಕ. ವಿಜಯಪುರದ ಕಡೆಯ ಮಾಂತು ಈ ಹೋಟೆಲಿನ ಕಾವಲಿಯ ಮುಂದೆ ನಿಂತೇ ತಲೆ ನರೆಸಿಕೊಂಡವನು. ಯಜಮಾನರಿಗೆ ಹೇಳಲಾಗದ್ದನ್ನು ಅವರ ಹೆಂಡತಿಯಾದ ಇವಳಿಗೆ ಹೇಳುವಷ್ಟು ಸಲಿಗೆ ಅವನಿಗಿತ್ತು. ಅವಳು ಎಲೆಯನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಭಾನುವಾರದ ಮಧ್ಯಾಹ್ನದ ಊಟದ ಗದ್ದಲ ಇಳಿದು, ತೊಳೆದ ತಟ್ಟೆಗಳು ಒಂದರ ಮೇಲೊಂದು ಕೂರುವ ಸದ್ದು ಮಾತ್ರ ಉಳಿದಿತ್ತು. ಕಿಟಕಿಯಾಚೆ ಪುಣೆಯ ವಾಕಡದ ರಸ್ತೆಯಲ್ಲಿ ಮಳೆ ಹಿಡಿದುಕೊಂಡಿತ್ತು. ಅಕ್ಕಿಹಿಟ್ಟನ್ನು ಎಲೆಗೆ ಸವರಿ, ಬೆಲ್ಲ ಕಾಯಿ ಇಟ್ಟು, ಮಡಚಿ ಹಬೆಗೆ ಇಡುವ ಈ ಕಡುಬು ಹೋಟೆಲಿನ ತಿಂಡಿಯಲ್ಲ, ಬಾರ್ಕೂರಿನ ಅವಳ ತಾಯಿಮನೆಯ ಮಳೆಗಾಲದ ತಿಂಡಿ. ಸಂಜೆ ಮಹಡಿಯ ಹಾಲಿನಲ್ಲಿ ಸೇರುವವರಿಗೆಲ್ಲ ಮಾಡುತ್ತಿದ್ದೇನೆ ಎಂದು ಅವಳು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ನಿಜಕ್ಕೂ ಅವಳು ಮಾಡುತ್ತಿದ್ದದ್ದು ಜ್ಯೋತ್ಸ್ನಾಬಾಯಿ ಎಂಬ ಒಬ್ಬ ಟೀಚರಿಗೋಸ್ಕರ; ಅವರು ಇದನ್ನು ತಿನ್ನುತ್ತಾರೋ ಇಲ್ಲವೋ, ತನ್ನ ಮುಖ ನೋಡುತ್ತಾರೋ ಇಲ್ಲವೋ ಎಂಬುದು ಒರೆಸಿದಷ್ಟೂ ಹೋಗದ ಕಲೆಯ ಹಾಗೆ ಅವಳ ಕೈಗೆ ಅಂಟಿಕೊಂಡಿತ್ತು.

ಪ್ರವಾಸಕ್ಕೆ ಹೋಗಿ ಬಂದವರೆಲ್ಲ ಒಂದು ದಿನ ಮತ್ತೆ ಸೇರಿ, ತಿಂಡಿ ತಿಂದು, ಒಬ್ಬರ ಫೋಟೋ ಇನ್ನೊಬ್ಬರು ನೋಡಿ, ಆದ ಜಗಳಗಳನ್ನು ನಗೆಯಾಗಿ ಮಾಡಿಕೊಂಡು ಬೀಳ್ಕೊಳ್ಳುವುದು ಪುಣೆಯ ಪದ್ಧತಿ. ಮೇ ತಿಂಗಳಲ್ಲಿ ಕನ್ನಡದ ಜನ ಒಂದು ಬಸ್ಸು ತುಂಬ ಇಟಲಿಯ ಉತ್ತರದ ಊರುಗಳನ್ನು ನೋಡಿಕೊಂಡು ಬಂದಿದ್ದರು. ಆ ಕೂಟ ನಮ್ಮ ಹೋಟೆಲಿನಲ್ಲೇ ಆಗಲಿ ಎಂದು ಅವಳ ಗಂಡ ಕುಶಲ ಶೆಟ್ಟಿ ಒಪ್ಪಿಕೊಂಡು ಬಂದಿದ್ದ. ಒಪ್ಪಿಕೊಂಡದ್ದು ಏಕೆಂದು ಅವಳಿಗೆ ಗೊತ್ತು. ತನ್ನ ಹೆಂಡತಿಯಿಂದಾಗಿ ಆ ಬಸ್ಸಿನ ಜನ ಕಳೆದುಕೊಂಡದ್ದಕ್ಕೆ ಒಂದು ಹೊತ್ತಿನ ಊಟ ಹಾಕಿ ಕೈತೊಳೆದುಕೊಳ್ಳುವುದು ಅವನ ಲೆಕ್ಕ. ಹೋಟೆಲಿನವರಿಗೆ ಬೇರೆ ಪ್ರಾಯಶ್ಚಿತ್ತ ತಿಳಿಯದು. ಅವಳೂ ಹಿಟ್ಟು ಕಲಸಿಕೊಂಡು ಕೂತಿದ್ದಳಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ ತಲೆ ಹಾಕಿ, ‘ಹೆಣೆ, ನೀ ಇನ್ನೂ ಇಲ್ಲೇ ಕೂಕಂಡಿದ್ಯಾ? ಸೀರಿ ಬದ್ಲ್ಸ್, ಜನ ಬಪ್ಪು ಹೊತ್ತಾಯ್ತ್’ ಎಂದ.

‘ಹ್ವಾಯ್, ಆ ಟೀಚರ್ ಬತ್ರಾ?’

‘ಬತ್ರ್. ಫೋನ್ ಮಾಡಿದ್ದೆ. ಬರ್ತೀನಿ ಅಂದ್ರ್, ಅಷ್ಟೇ. ಕಾಣ್, ಯಾರ್ ಎಂತ ಕೇಂಡ್ರೂ ನಾನ್ ಹೇಳಿದ್ದನ್ನೇ ಹೇಳ್. ದಾರಿ ತಪ್ತ್, ಭಾಷಿ ಬತ್ತಿಲ್ಲ, ಹೆದ್ರ್ಕಂಡೆ. ಮುಗೀತ್.’

‘ನಾನ್ ಹೆದ್ರ್ಕಣ್ಲಿಲ್ಲ.’

‘ಹೆದ್ರ್ಕಂಡೆ ಅಂದ್ರೆ ಜನ ಪಾಪ ಅಂತ್ರ್. ಕೆಸ್ರಿಗ್ ಇಳ್ದೆ ಅಂದ್ರೆ ಎಂತ ಅಂತ್ರ್?’

ಅವಳು ಇನ್ನೊಂದು ಎಲೆಗೆ ಹಿಟ್ಟು ಸವರಿದಳು. ಅವನು ಅಂಗಿಯ ಕಾಲರು ಸರಿಮಾಡಿಕೊಂಡು ಹೋದ. ಆ ಕಾಲರಿನೊಳಗಿನ ಕುತ್ತಿಗೆ ಒಂದು ಕಾಲಕ್ಕೆ ನೊಗ ಹೊತ್ತು ಎತ್ತುಗಳ ಹಿಂದೆ ಗದ್ದೆಗೆ ಹೋಗುತ್ತಿದ್ದದ್ದನ್ನು ಪುಣೆಯಲ್ಲಿ ಬಲ್ಲವಳು ಅವಳೊಬ್ಬಳೇ. ಮಾಂತು ಕಾವಲಿ ಉಜ್ಜುತ್ತ, ತನಗೇನೂ ಕೇಳಿಸಲಿಲ್ಲ ಎನ್ನುವಂತೆ ಯಾವುದೋ ಮರಾಠಿ ಹಾಡಿನ ತುಂಡನ್ನು ಗುನುಗಿದ. ಎಲೆಯ ವಾಸನೆ ಎದ್ದು ಬಂತು, ಹಸಿ, ತುಸು ಖಾರ, ಒದ್ದೆ ಮಣ್ಣಿನದೂ ಸೇರಿದಂಥದು, ಮತ್ತು ಅವಳು ಬೇಡ ಬೇಡವೆಂದರೂ ಇಟಲಿಯ ಆ ಬೆಳಗಿಗೆ ಹೋಗಿ ನಿಂತಳು. ಹಿಂದಿನ ದಿನ ಟುರಿನ್ ನೋಡಿದ್ದರು. ನೇರ ಬೀದಿಗಳು, ಕಂಬಗಳ ಸಾಲಿನ ಕೆಳಗೆ ಅಂಗಡಿಗಳು, ಪುಟ್ಟ ಗಾಜಿನ ಲೋಟದಲ್ಲಿ ಕಾಫಿಯೂ ಚಾಕಲೇಟೂ ಪದರ ಪದರವಾಗಿ ಬಂದ ಒಂದು ಪಾನೀಯ. ಅದನ್ನು ಕಲಕಬಾರದೆಂದು ಬಡಿಸಿದವನು ಕೈಯಾಡಿಸಿ ತಡೆಯುವಷ್ಟರಲ್ಲಿ ಅವರು ಅರ್ಧ ಜನ ಕಲಕಿಬಿಟ್ಟಿದ್ದರು. ಮಾರನೆಯ ದಿನ ಮಿಲಾನಿಗೆ ಹೋಗಬೇಕಿತ್ತು. ಟೂರಿನವರು ಊರೊಳಗಿನ ದೊಡ್ಡ ಹೋಟೆಲುಗಳನ್ನು ಬಿಟ್ಟು ನಡುದಾರಿಯ ಅಗ್ಗದ ಜಾಗಗಳಲ್ಲಿ ಮಲಗಿಸುತ್ತಾರೆ. ಕತ್ತಲಾದ ಮೇಲೆ ಬಸ್ಸು ವೆರ್ಚೆಲ್ಲಿ ಎಂಬ ಊರಿನ ಹೊರಗೆ ಒಂಟಿ ಕಟ್ಟಡವೊಂದರ ಮುಂದೆ ಇಳಿಸಿತು. ಇಲ್ಲಿ ನೋಡುವಂಥದ್ದು ಏನೂ ಇಲ್ಲ, ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊರಡಬೇಕು ಎಂದು ಟೂರಿನ ನಿತಿನ ಮೂರು ಸಲ ಹೇಳಿದ್ದ. ಮಿಲಾನಿನಲ್ಲಿ, ಸನ್ಯಾಸಿಗಳ ಊಟದ ಮನೆಯ ಗೋಡೆಯ ಮೇಲೆ, ಏಸು ಶಿಷ್ಯರ ಜೊತೆ ಕೊನೆಯ ಊಟಕ್ಕೆ ಕುಳಿತ ಚಿತ್ರವಿದೆಯಂತೆ. ಅದನ್ನು ನೋಡಲು ಗುಂಪು ಗುಂಪಾಗಿ ಸರದಿಯ ಮೇಲೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ಸರದಿ ತಪ್ಪಿದರೆ ತಪ್ಪಿತು. ಅದನ್ನು ಕೇಳಿದಾಗ ಮುಂದಿನ ಸೀಟಿನಲ್ಲಿದ್ದ ಜ್ಯೋತ್ಸ್ನಾಬಾಯಿ ಚಪ್ಪಾಳೆ ತಟ್ಟಿದ್ದರು. ಸೊಲ್ಲಾಪುರದ ಹುಡುಗಿಯಾಗಿ ಪುಣೆಗೆ ಬಂದು, ಮರಾಠಿ ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದ ಅವರು ಇಡೀ ಪ್ರವಾಸಕ್ಕೆ ಬಂದದ್ದೇ ಆ ಗೋಡೆಗೋಸ್ಕರ. ತಮ್ಮ ಫೋನಿನಲ್ಲಿ ಆ ಚಿತ್ರವನ್ನು ಪ್ರೇಮಾವತಿಗೆ ತೋರಿಸಿ, ‘ನೋಡ್ರಿ, ಯಾರ ಕೈ ಎಲ್ಲಿ ಅದ ನೋಡ್ರಿ’ ಎಂದಾಗ ಇವಳಿಗೆ ಕಂಡದ್ದು ಎಲ್ಲರೂ ಮೇಜಿನ ಒಂದೇ ಬದಿಗೆ ಕೂತಿದ್ದು. ‘ಬಡಿಸಲಿಕ್ಕೆ ಸುಲಭ ಟೀಚರೇ, ಎದುರಿಂದ ಬರಬಹುದು’ ಎಂದಿದ್ದಳು. ಅವರು ನಕ್ಕು ನಕ್ಕು ಅವಳ ಮೊಣಕೈ ಹಿಡಿದುಕೊಂಡಿದ್ದರು. ಅಷ್ಟು ಗೆಳೆತನವಾಗಿತ್ತು.

ಬೆಳಗಿನಲ್ಲಿ ಎಚ್ಚರವಾಯಿತು, ಎಲ್ಲಿಯೋ ನೀರು ಬೀಳುವ ಸದ್ದಿಗೆ. ನಲ್ಲಿಯದಲ್ಲ. ಗಂಡ ಗೊರಕೆ ಹೊಡೆಯುತ್ತಿದ್ದ. ಅವಳು ಹಾಸಿಗೆಯಲ್ಲೇ ಕಿವಿಗೊಟ್ಟಳು, ಗುರುತು ಹಿಡಿದಳು, ಗುರುತು ಹಿಡಿದದ್ದಕ್ಕೆ ತಾನೇ ಬೆಚ್ಚಿದಳು. ಅದು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಅಂಚು ಒಡೆದು ನೀರು ಬೀಳುವ ಸದ್ದು. ಪುಣೆಗೆ ಮದುವೆಯಾಗಿ ಬಂದಮೇಲೆ ಕೇಳಿರಲಿಲ್ಲ. ಊರಿಗೆ ಹೋದಾಗಲೂ ಕೇಳಿರಲಿಲ್ಲ, ಅಲ್ಲಿ ಈಗ ಗದ್ದೆಯಿದ್ದಲ್ಲಿ ಮನೆಗಳಿವೆ. ಸೊಸೆ ಕೊಡಿಸಿದ ಬಿಳಿ ಬೂಟು ಹಾಕಿಕೊಂಡು, ಕಟ್ಟಡದ ಹಿಂದಿನ ಬಾಗಿಲು ತಳ್ಳಿ ಹೊರಗೆ ಬಂದರೆ, ಕಣ್ಣು ಹೋದಷ್ಟು ದೂರ ಗದ್ದೆ. ಗದ್ದೆಯೆಂದರೆ ಗದ್ದೆಯೇ. ಅಂಚು, ನೀರು, ನೀರಿನ ಮೇಲೆ ಸೂಜಿಯ ಮೊನೆಯಷ್ಟು ಹಸಿರು, ನಡುವೆ ಒಂಟಿಕಾಲಿನ ಬೆಳ್ಳಕ್ಕಿಗಳು. ಆಚೆ ಹಿಮದ ಬೆಟ್ಟಗಳ ಸಾಲು ತಲೆಕೆಳಗಾಗಿ ಆ ನೀರಿನಲ್ಲೇ ಬಿದ್ದುಕೊಂಡು, ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಅಂಚಿನ ಬಳಿ ತುಂಡಾಗಿ ಮತ್ತೆ ಕೂಡಿಕೊಂಡಿತ್ತು. ಇಷ್ಟು ದಿನ ಅವಳು ಕತ್ತೆತ್ತಿ ಕತ್ತೆತ್ತಿ ಇಗರ್ಜಿಗಳ ಮಾಳಿಗೆ ನೋಡಿದ್ದಳು, ಚೆಂದವಿದೆ ಚೆಂದವಿದೆ ಎಂದು ಎಲ್ಲರ ಜೊತೆ ಹೇಳಿದ್ದಳು. ಈಗ ಹೇಳಲು ಜೊತೆಗೆ ಯಾರೂ ಇರಲಿಲ್ಲ. ಹಾಗಾಗಿಯೋ ಏನೋ ಕಣ್ಣು ತುಂಬಿಬಂತು, ನಗುವೂ ಬಂತು. ‘ನೀರಿನ ಸದ್ದ್ ಕೇಂಡವನದೇ ಗದ್ದಿ’ ಎನ್ನುತ್ತಿದ್ದರು ಅವಳ ಅಪ್ಪಯ್ಯ. ಯಾರ ಗದ್ದೆಯಾದರೂ ಸರಿ, ಅಂಚು ಒಡೆದ ಸದ್ದು ಯಾರ ಕಿವಿಗೆ ಬಿತ್ತೋ ಅವರು ಇಳಿದು ಕಟ್ಟಬೇಕು. ಗಡಿಯ ತಕರಾರಿಗೆ ಕೋರ್ಟು ಹತ್ತಿದ ದಾಯಾದಿಗಳ ಗದ್ದೆಯ ಅಂಚನ್ನೂ ಅಪ್ಪಯ್ಯ ಕಟ್ಟಿ ಬಂದು, ಕಾಲು ತೊಳೆದು, ಮಾತಾಡದೆ ಊಟಕ್ಕೆ ಕೂರುತ್ತಿದ್ದರು. ದಾಯಾದಿಗಳೂ ಹಾಗೆಯೇ ಇವರದನ್ನು ಕಟ್ಟುತ್ತಿದ್ದರು, ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅವಳು ಬೂಟು ಕಳಚಿಟ್ಟಳು. ಪೈಜಾಮವನ್ನು ಮೊಣಕಾಲಿಗೆ ಸುತ್ತಿದಳು. ಹಿಮದಿಂದ ಬಂದ ನೀರು, ಮೂಳೆಯವರೆಗೆ ತಣ್ಣಗೆ ಕಚ್ಚಿತು. ಅದರಡಿಯ ಕೆಸರು ಮಾತ್ರ ಎಲ್ಲ ಕಡೆಯ ಕೆಸರಿನ ಹಾಗೆ ಬೆರಳ ಸಂದಿಯಲ್ಲಿ ಮೆತ್ತಗೆ ಮೇಲೆದ್ದು ಬಂದು ಪಾದವನ್ನು ಗುರುತಿಸಿತು. ಅಂಚಿನಲ್ಲಿ ಒಂದು ಗೇಣಗಲದ ಕಂಡಿ ಬಿದ್ದಿತ್ತು, ನೀರು ಅದರೊಳಗಿಂದ ಹಾರಿ ಓಡುತ್ತಿತ್ತು. ಎರಡೂ ಕೈಯಲ್ಲಿ ಕೆಸರು ಬಾಚಿ ಹಾಕಿ, ಹುಲ್ಲು ಕಿತ್ತು ತುರುಕಿ, ಹಿಮ್ಮಡಿಯಿಂದ ಒತ್ತಿ ಒತ್ತಿ ಅವಳು ಅದನ್ನು ಮುಚ್ಚಿದಳು. ಸದ್ದು ನಿಂತಿತು. ಇಡೀ ಬಯಲು ಅವಳಿಗಾಗಿ ಸುಮ್ಮನಾದಂತೆ ಆಯಿತು.

ಅಂಚಿನ ಮೇಲೆ ಸೈಕಲ್ಲು ಹಿಡಿದುಕೊಂಡು ಒಬ್ಬ ಮುದುಕ ನಿಂತಿದ್ದ. ತೊಡೆಯವರೆಗಿನ ರಬ್ಬರ್ ಬೂಟು, ಹೆಗಲ ಮೇಲೆ ಗುದ್ದಲಿ. ಅವನು ಅವನ ಭಾಷೆಯಲ್ಲಿ ಏನೋ ಕೇಳಿದ, ಇವಳು ಬಾರ್ಕೂರಿನ ಕನ್ನಡದಲ್ಲಿ ‘ಅಂಚ್ ಒಡ್ದಿತ್ತ್ ಮಾರಾಯ್ರೆ, ಕಟ್ಟಿದೆ’ ಎಂದಳು. ಅವನು ಕಂಡಿ ಇದ್ದ ಜಾಗವನ್ನು ನೋಡಿದ, ಅವಳ ಕಾಲು ನೋಡಿದ, ಆಮೇಲೆ ಸೈಕಲ್ಲನ್ನು ಮಲಗಿಸಿ ನೀರಿಗೆ ಇಳಿದು ಒಂದು ಸಸಿಯನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ. ಕಿತ್ತದ್ದೂ ಅಲ್ಲ, ಎತ್ತಿದ್ದು. ಅದರ ಬಿಳಿ ಬೇರು ಏನನ್ನೂ ಹಿಡಿಯದೆ ನೀರಿನಲ್ಲಿ ತೇಲುತ್ತಿತ್ತು. ಅವನು ಒಂದು ಅಂಗೈಯನ್ನು ಮೆಲ್ಲಗೆ ಕೆಳಗೆ ಇಳಿಸಿದ, ನೀರು ಇಳಿಯಬೇಕು ಎನ್ನುವಂತೆ. ಇನ್ನೊಂದು ಕೈಯ ಬೆರಳುಗಳನ್ನು ಉಗುರಿನಂತೆ ಮಡಚಿ ನೆಲಕ್ಕೆ ಊರಿದ, ಆಗ ಬೇರು ಹಿಡಿಯುತ್ತದೆ. ಅವಳ ಊರಿನಲ್ಲಿ ನಾಟಿ ಮಾಡುವುದು, ಬೇರನ್ನು ಕೈಯಿಂದಲೇ ಕೆಸರಿಗೆ ಊರುವುದು. ಇಲ್ಲಿ ಬೀಜವನ್ನು ನಿಂತ ನೀರಿಗೆ ಎರಚಿ, ಮೊಳೆತ ಮೇಲೆ ನೀರು ಬಸಿದು ಬೇರು ಕಚ್ಚಿಸುತ್ತಾರೆ. ಆ ಕಂಡಿಯನ್ನು ಅವನೇ ಬೇಕೆಂದು ಕಡಿದಿದ್ದ. ಅವಳು ಕೆಸರಿನ ಕೈಯಿಂದಲೇ ಹಣೆ ಚಚ್ಚಿಕೊಂಡಳು. ಮುದುಕ ಬಾಯಿತುಂಬ ನಕ್ಕ, ಹಲ್ಲು ಹೆಚ್ಚಿರಲಿಲ್ಲ. ನಗುತ್ತಲೇ ಅವಳು ಕಟ್ಟಿದ್ದನ್ನು ಬಗ್ಗಿ ತಟ್ಟಿ ನೋಡಿ, ಗಟ್ಟಿಯಿದೆ ಎನ್ನುವಂತೆ ತುಟಿ ಮುಂದೆ ಮಾಡಿದ. ಅವಳೇ ಅದನ್ನು ಒಡೆದಳು. ಮತ್ತೆ ನೀರು ಹಾರಿತು. ಅವನು ಗುದ್ದಲಿಯನ್ನು ಅವಳ ಕಡೆ ಚಾಚಿ ಮುಂದಿನ ಗದ್ದೆಯತ್ತ ತೋರಿಸಿದ, ಅಲ್ಲಿಯೂ ಕಡಿಯುವುದಿತ್ತು. ಅವನ ಹಿಂದೆ ಅಂಚಿನ ಮೇಲೆ ಕಾಲಿಟ್ಟು ಕಾಲಿಟ್ಟು ಹೋಗುವಾಗಲೇ ಬಸ್ಸಿನ ಹಾರ್ನು ಕೇಳಿದ್ದು. ಮೊದಲು ಚಿಕ್ಕದಾಗಿ, ಆಮೇಲೆ ಉದ್ದಕ್ಕೆ, ಆಮೇಲೆ ಬಿಟ್ಟೂ ಬಿಡದೆ. ಅದು ತಮ್ಮ ಬಸ್ಸೇ ಎಂದು ಅವಳಿಗೆ ಗೊತ್ತಿತ್ತು. ಅದರೊಳಗೆ ಯಾರು ಕೂತಿದ್ದಾರೆ, ಯಾವ ಗೋಡೆಯ ಕನಸು ಹೊತ್ತುಕೊಂಡು ಕೂತಿದ್ದಾರೆ ಎಂಬುದೂ ಗೊತ್ತಿತ್ತು. ಊಟಕ್ಕೆ ಕರೆದ ಅಮ್ಮನಿಗೆ ಗದ್ದೆಯಿಂದ ಹೇಳುತ್ತಿದ್ದ ಹಾಗೆ ‘ಇದೊಂದ್’ ಎಂದುಕೊಂಡಳು. ಇದೊಂದು ಕಡಿದಾದ ಮೇಲೆ ಆಚೆಯದೊಂದು.

‘ಅಕ್ಕಾರ, ಹಬೆ ಬಂತು’ ಎಂದ ಮಾಂತು. ಅವಳು ಮಡಚಿದ ಎಲೆಗಳನ್ನು ಸಾಲಾಗಿ ಇಟ್ಟು ಮುಚ್ಚಳ ಹಾಕಿದಳು. ಕಾಲು ತಣ್ಣಗಾದಂತೆ ಅನಿಸಿ ಕೆಳಗೆ ನೋಡಿದಳು, ಹೋಟೆಲಿನ ಒದ್ದೆ ನೆಲ ಅಷ್ಟೇ. ಅಂದು ಬಸ್ಸಿನ ಮೆಟ್ಟಿಲು ಹತ್ತಿದಾಗ ಮೊಣಕಾಲವರೆಗೆ ಕೆಸರು, ಒಂದು ಕೈಯಲ್ಲಿ ಬೂಟು. ಗಂಡ ಎಲ್ಲರಿಗೂ ಕೈಮುಗಿಯುತ್ತ, ದಾರಿ ತಪ್ಪಿತಂತೆ ಪಾಪ, ಜಾರಿ ಬಿದ್ದಳಂತೆ ಎಂದು ಆಗಲೇ ಶುರುಮಾಡಿದ್ದ. ಬ್ಯಾಂಕಿನಿಂದ ನಿವೃತ್ತರಾದ ನಿಜಲಿಂಗಪ್ಪನವರು ಹಿಂದಿನ ಸೀಟಿನಿಂದ ‘ಏನ್ರಿ ಬಾಯಾರ, ಮಣ್ಣಿನ ಬೂಟು ಇಲ್ಲಿ ತುಟ್ಟೀನೋ ಸೋವೀನೋ?’ ಎಂದಾಗ ಕೆಲವರು ನಕ್ಕರು, ಕೆಲವರು ಗಡಿಯಾರ ನೋಡಿಕೊಂಡರು. ಜ್ಯೋತ್ಸ್ನಾಬಾಯಿ ಅವಳ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ, ಕಿಟಕಿಯ ಕಡೆಗೆ ತಿರುಗಿದರು. ಮಿಲಾನಿನಲ್ಲಿ ಬಾಗಿಲ ಬಳಿಯ ಹೆಂಗಸು ಟಿಕೀಟು ನೋಡಿ ತಲೆಯಾಡಿಸಿದಳು, ಇವರ ಸರದಿ ಮುಗಿದಿತ್ತು. ನಿತಿನ ಗೋಗರೆದ, ಇಂಗ್ಲಿಷಿನಲ್ಲಿ, ಆಮೇಲೆ ಮರಾಠಿಯಲ್ಲೇ. ಉಳಿದವರು ಐಸ್‌ಕ್ರೀಮಿನ ಅಂಗಡಿ ಹುಡುಕಿಕೊಂಡು ಹೋದರು. ಜ್ಯೋತ್ಸ್ನಾಬಾಯಿ ಹೊರಗಿನ ಇಟ್ಟಿಗೆಯ ಗೋಡೆಯ ಬಳಿ ಹೋಗಿ, ಅದರ ಮೇಲೆ ಅಂಗೈ ಇಟ್ಟು ನಿಂತರು. ಜ್ವರ ಬಂದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ. ಪ್ರೇಮಾವತಿ ರಸ್ತೆಯ ಈಚೆ ನಿಂತು ನೋಡಿದಳು. ದಾಟಿ ಹೋಗಲು ಕಾಲು ಬರಲಿಲ್ಲ.

ಆಮೇಲಿನ ಊರುಗಳನ್ನೆಲ್ಲ ಅವಳು ಜ್ಯೋತ್ಸ್ನಾಬಾಯಿಯ ತಿರುಗಿದ ಬೆನ್ನಿನ ಹಿಂದೆಯೇ ನೋಡಿದ್ದು. ಬೆರ್ಗಾಮೊದಲ್ಲಿ ಹಗ್ಗಕ್ಕೆ ಕಟ್ಟಿದ ಪುಟ್ಟ ಗಾಡಿ ಗುಡ್ಡದ ಮೈಗೆ ಅಂಟಿಕೊಂಡು ಹಳೆಯ ಪೇಟೆಗೆ ಏರುವಾಗ, ಕೆಳಗೆ ಹೆಂಚಿನ ಮಾಡುಗಳು ಒಂದೊಂದೇ ಅಂಗೈಯಗಲವಾಗುವಾಗ, ಪಕ್ಕಕ್ಕೆ ತಿರುಗಿ ‘ಟೀಚರೇ’ ಎನ್ನಬೇಕೆಂದು ಬಾಯಿ ತೆರೆದು ಮುಚ್ಚಿದಳು. ವೆರೋನಾದ ಕಲ್ಲಿನ ಅಖಾಡದ ಮೆಟ್ಟಿಲುಗಳು ಬಿಸಿಲಿಗೆ ತಿಳಿಗುಲಾಬಿಯಾಗಿದ್ದವು. ಅಲ್ಲಿ ಎಲ್ಲರಿಗಿಂತ ಮೇಲೆ ಹೋಗಿ ಒಬ್ಬಳೇ ಕೂತರೆ ಕೆಳಗೆ ಜ್ಯೋತ್ಸ್ನಾಬಾಯಿಯ ನೀಲಿ ಛತ್ರಿ. ಬೊಲೋನ್ಯಾದಲ್ಲಿ ಮಳೆ ಬಂತು. ಆ ಊರಿನ ಬೀದಿಗಳಿಗೆಲ್ಲ ಕಮಾನಿನ ಜಗಲಿ, ಎಷ್ಟು ನಡೆದರೂ ತಲೆ ನೆನೆಯದು. ಇಡೀ ಊರಿಗೇ ಒಬ್ಬ ಯಜಮಾನ ಗಿರಾಕಿಗಳಿಗೆಂದು ಮಾಡು ಇಳಿಸಿದ ಹಾಗಿದೆ ಎಂದುಕೊಂಡು ಖುಷಿಪಟ್ಟಳು, ಖುಷಿಪಟ್ಟದ್ದಕ್ಕೆ ನಾಚಿದಳು. ನಾಚಿಕೆಯ ಜೊತೆಗೇ ಮತ್ತೆ ಖುಷಿಯಾಗುತ್ತಿತ್ತು, ಅದೇ ಅವಳಿಗೆ ಅರ್ಥವಾಗದ್ದು. ತಪ್ಪು ಮಾಡಿದವರಿಗೆ ಊಟ ಸೇರಬಾರದು, ನಿದ್ದೆ ಹತ್ತಬಾರದು. ಅವಳು ಪಾದುವಾದಲ್ಲಿ ಅಣಬೆಯ ಅನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು, ಇದು ಆ ಮುದುಕನ ಗದ್ದೆಯದೋ ಏನೋ ಎಂದು. ಅಲ್ಲಿಯೇ ದೊಡ್ಡ ಸಭಾಭವನದ ಕೆಳಗಿನ ತರಕಾರಿ ಪೇಟೆಯಲ್ಲಿ ಪುಣೆಯ ಮಂಡಿಯ ಅಭ್ಯಾಸದಿಂದ ಒಂದು ಬದನೆಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮಾರುವವಳು ಅವಳ ಕೈಯ ಮೇಲೆ ಫಟ್ಟೆಂದು ಹೊಡೆದು ಸುತ್ತಲಿನ ಜನ ತಿರುಗುವ ಹಾಗೆ ಗದರಿದಳು. ಆ ದೇಶದಲ್ಲಿ ಮಾಲನ್ನು ಗಿರಾಕಿ ಮುಟ್ಟುವಂತಿಲ್ಲವಂತೆ. ಮುಖ ಕೆಂಪಾಗಿ ಹಿಂದೆ ಸರಿದರೆ ಜ್ಯೋತ್ಸ್ನಾಬಾಯಿ ಅಲ್ಲೇ ನಿಂತಿದ್ದರು, ಅವರ ತುಟಿಯ ಕೊನೆಯಲ್ಲಿ ನಗು ಏಳಲು ನೋಡುತ್ತಿತ್ತು. ಅದು ಎದ್ದಿದ್ದರೆ ಸಾಕಿತ್ತು. ಅವರು ಅದನ್ನು ನುಂಗಿ ಟೊಮೇಟೊ ಕಡೆ ನಡೆದುಬಿಟ್ಟರು.

ಸಂಜೆ ಜನ ಬಂದರು. ಛತ್ರಿಗಳು ಮಹಡಿಯ ಮೆಟ್ಟಿಲ ಬದಿಗೆ ಸಾಲಾಗಿ ನಿಂತವು. ಗಂಡ ಮೇಲಿನಿಂದ ಎರಡು ಸಲ ಕೂಗಿದ ಮೇಲೆ ಪ್ರೇಮಾವತಿ ಕಡುಬಿನ ತಟ್ಟೆ ಹಿಡಿದು ಹತ್ತಿದಳು. ಹಾಲಿನ ದೀಪ ಆರಿಸಿದ್ದರು. ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಧನುಶ್ರೀ ಎಂಬ ಹುಡುಗಿ ಗೋಡೆಯ ಮೇಲೆ ಎಲ್ಲರ ಫೋಟೋಗಳನ್ನು ಸೇರಿಸಿ ತೋರಿಸುತ್ತಿದ್ದಳು. ಆ ಬೆಳಕಿನಲ್ಲಿ ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಜ್ಯೋತ್ಸ್ನಾಬಾಯಿ ಕಂಡರು. ಪ್ರೇಮಾವತಿ ಮೊದಲ ತಟ್ಟೆಯನ್ನು ಅವರ ಮುಂದೆಯೇ ಇಟ್ಟಳು. ಅವರು ಎಲೆಯನ್ನು ನೋಡಿ, ಮೂಸಿ, ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸಿ, ‘ಲಂಚ’ ಎಂದರು. ಅಷ್ಟೇ. ಅದು ಸಿಟ್ಟೋ ತಮಾಷೆಯೋ ಕತ್ತಲಲ್ಲಿ ತಿಳಿಯಲಿಲ್ಲ. ಪ್ರೇಮಾವತಿ ಉಳಿದ ತಟ್ಟೆಗಳನ್ನು ಹಂಚಿ ಗೋಡೆಗೆ ಒರಗಿ ನಿಂತಳು, ಹೋಟೆಲಿನ ಕೆಲಸದವರು ನಿಲ್ಲುವ ಜಾಗದಲ್ಲಿ. ಗೋಡೆಯ ಮೇಲೆ ಟುರಿನ್ ಬಂತು, ಕಲಕಿದ ಕಾಫಿ ಬಂತು, ಎಲ್ಲರೂ ಗೊಳ್ಳೆಂದರು. ಆಮೇಲೆ ನೇರವಾಗಿ ಮಿಲಾನಿನ ದೊಡ್ಡ ಇಗರ್ಜಿಯ ಬಿಳಿ ಗೋಪುರಗಳು ಬಂದವು.

‘ನಡುವೆ ಒಂದು ಊರು ಬಿಟ್ಟು ಹೋಯ್ತಲ್ಲವಾ’ ಎಂದರು ಯಾರೋ.

‘ವೆರ್ಚೆಲ್ಲಿ ಫೋಟೋ ಯಾರೂ ಕಳ್ಸಿಲ್ಲ ಅಂಕಲ್’ ಎಂದಳು ಧನುಶ್ರೀ. ‘ಅಲ್ಲಿ ನೋಡೋಕೆ ಏನೂ ಇರ್ಲಿಲ್ವಲ್ಲ, ಜಸ್ಟ್ ಮಲಗಿದ್ದು ಅಷ್ಟೇ.’

‘ಏನೂ ಇರಲಿಲ್ಲ ಅಂತ ಯಾರಂದ್ರು?’ ಜ್ಯೋತ್ಸ್ನಾಬಾಯಿಯ ದನಿ ಎದ್ದಿತು, ಹಿಂದಿನ ಬೆಂಚಿನವರೆಗೆ ಕೇಳಿಸಿ ರೂಢಿಯಾದ ದನಿ. ‘ದೀಪಾ ಹಚ್ಚವಾ. ಅಕಿ ಅಲ್ಲಿ ಗ್ವಾಡಿಗೆ ನಿಂತಾಳಲ್ಲ, ಅಕೀನ್ನ ಕೇಳ್ರಿ.’

ದೀಪ ಬಂತು. ಎಲ್ಲರ ಮುಖ ತನ್ನ ಕಡೆ ತಿರುಗಿದ್ದು ಪ್ರೇಮಾವತಿಗೆ ಮೈಮೇಲೆ ಬಿಸಿಯಂತೆ ತಿಳಿಯಿತು. ಕುಶಲ ಶೆಟ್ಟಿ ಕಾಫಿಯ ಟ್ರೇ ಹಿಡಿದವನು ನಡುವೆ ಬಂದು, ‘ಅದು ಟೀಚರೇ, ಇವಳಿಗೆ ಪಾಪ ದಾರಿ ತಪ್ಪಿ’ ಎಂದು ತನ್ನ ಗ್ರಂಥದ ಕನ್ನಡದಲ್ಲಿ ಆರಂಭಿಸಿದ.

‘ಶೆಟ್ಟರ, ನೀವು ಸುಮ್ಕಿರ್ರಿ. ನಾ ಜನ್ಮಾ ಪೂರ್ತಿ ಮಕ್ಕಳಿಗೆ ಮಾರಿ ಬರ್ಯೂದ ಕಲಿಸೇನಿ. ದಾರಿ ತಪ್ಪಿದಾಕಿ ಮಾರಿ ಹಂಗ ಇರಂಗಿಲ್ಲ.’ ಅವರು ಕುರ್ಚಿಯನ್ನು ಪ್ರೇಮಾವತಿಯ ಕಡೆ ತಿರುಗಿಸಿಕೊಂಡರು. ‘ಕೆಸರು ಮೆತ್ಕೊಂಡು ಬಸ್ಸು ಹತ್ತಿದಾಗ ನಿಮ್ಮ ಮಾರಿ ಹೆಂಗಿತ್ತು ಗೊತ್ತದ ಏನು ನಿಮಗ? ಎರಡು ಬಾರಸಬೇಕು ಅನಿಸ್ತು ನನಗ. ಇಷ್ಟು ಮಂದೀನ್ನ ಬಸ್ಸಿನ್ಯಾಗ ಕುಂಡ್ರಿಸಿ, ಹಾರ್ನು ಊದಿ ಊದಿ ಡ್ರೈವರನ ಕೈ ಸೋತಾವ, ಈಕಿ ನೋಡಿದ್ರ ಮದುವಿ ಮನ್ಯಾಗಿಂದ ಬಂದಂಗ ಬರ್ತಾಳ. ಅತ್ತಿದ್ರ ಅವತ್ತs ಮಾಫ್ ಮಾಡತಿದ್ದೆ.’

‘ಅಳು ಬರಲಿಲ್ಲ ಟೀಚರೇ’ ಎಂದಳು ಪ್ರೇಮಾವತಿ.

‘ಅದs ನಾ ಹೇಳೂದು. ನಾ ಕಳಕೊಂಡದ್ದು ಏನಂತ ನನಗ ಗೊತ್ತದ. ಯಾತರ ಸಲುವಾಗಿ ಕಳಕೊಂಡೆ ಅನ್ನೂದು ಗೊತ್ತಾಗಲಿ. ಹೇಳ್ರಿ.’

ಹೇಳುವುದೆಂದರೆ ಏನು, ಎಲ್ಲಿಂದ. ಅವಳು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ನೀರಿನ ಸದ್ದು ಕೇಳಿತು ಎಂದಳು. ಅದು ಎಂಥ ಸದ್ದು ಎಂದು ನಿಜಲಿಂಗಪ್ಪನವರು ಕೇಳಿದಾಗ ಬಾಯಿಯಿಂದ ಮಾಡಿ ತೋರಿಸಿದಳು. ಯಾರೋ ನಕ್ಕರು, ಆದರೆ ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಅಪ್ಪಯ್ಯನ ಮಾತನ್ನು ಹೇಳಿದಳು, ದಾಯಾದಿಗಳ ಗದ್ದೆಯನ್ನು ಹೇಳಿದಳು. ಬೆಟ್ಟ ಅಂಚಿನ ಬಳಿ ತುಂಡಾಗಿ ಮತ್ತೆ ಕೂಡಿದ್ದನ್ನು ಹೇಳುವಾಗ ಜ್ಯೋತ್ಸ್ನಾಬಾಯಿ ಕಣ್ಣು ಮುಚ್ಚಿಕೊಂಡು, ‘ಬಣ್ಣ?’ ಎಂದರು. ‘ಬಿಳಿಯೇ, ಆದರೆ ಅಕ್ಕಿ ತೊಳೆದ ನೀರಿನ ಬಿಳಿ’ ಎಂದಳು. ಅವರು ಹೂಂ ಎಂದರು, ಮುಂದೆ ಎಂದರು. ಕಂಡಿ ಕಟ್ಟಿದ್ದು, ಮುದುಕ ಬಂದದ್ದು, ಅವನು ಬೇಕೆಂದೇ ಕಡಿದ ಕಂಡಿ ಅದು ಎಂದು ತಿಳಿದು ಹಣೆ ಚಚ್ಚಿಕೊಂಡದ್ದು ಬಂದಾಗ ಇಡೀ ಹಾಲೇ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ಮಾಂತು ಮತ್ತು ತಟ್ಟೆ ತೊಳೆಯುವವರು ಬಂದು ನಿಂತಿದ್ದರು. ಅವಳಿಗೆ ಈಗ ನಿಲ್ಲಿಸಲು ಆಗುತ್ತಿರಲಿಲ್ಲ. ಸೀರೆಯ ನೆರಿಗೆಯನ್ನು ತುಸು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೋಟೆಲಿನ ನುಣ್ಣನೆಯ ಟೈಲ್ಸಿನ ಮೇಲೆ ಬರಿಗಾಲು ಊರಿ, ಕೈಯಿಂದ ಬಾಚುವ ಹಾಗೆ ಬಾಚಿ, ಹಿಮ್ಮಡಿಯಿಂದ ಒತ್ತಿ ತೋರಿಸಿದಳು.

‘ಹಾಂಗಲ್ಲ ಹೆಣೆ.’

ಕುಶಲ ಶೆಟ್ಟಿಯೇ. ಟ್ರೇಯನ್ನು ಎಲ್ಲಿಟ್ಟನೋ, ಮುಂದೆ ಬಂದಿದ್ದ. ‘ಮೊದ್ಲ್ ಹುಲ್ಲ್, ಆಮೇಲ್ ಮಣ್ಣ್. ಬರೀ ಮಣ್ಣ್ ಹಾಕ್ರೆ ನೀರ್ ಹೊತ್ಕಂಡ್ ಹೋತ್ತ್. ಹಿಮ್ಡಿ ಕಡಿಗ್, ಹೀಂಗ್ ಅಡ್ಡ’ ಎಂದು ಪ್ಯಾಂಟಿನ ಕಾಲನ್ನು ಮೇಲಕ್ಕೆ ಎಳೆದು, ಹೊಳೆಯುವ ಬೂಟಿನ ಹಿಮ್ಮಡಿಯನ್ನು ಅವಳ ಹಿಮ್ಮಡಿಯ ಪಕ್ಕಕ್ಕೆ ತಂದು ಊರಿದ. ಊರಿದ ಮೇಲೆಯೇ ಎಲ್ಲರೂ ತನ್ನ ಬೂಟನ್ನೇ ನೋಡುತ್ತಿರುವುದು ಅವನಿಗೆ ಕಂಡಿತು.

‘ಶೆಟ್ಟರ’ ಎಂದರು ನಿಜಲಿಂಗಪ್ಪನವರು ಮೆಲ್ಲಗೆ, ‘ನಿಮಗೂ ಯಾವಾಗಲೋ ದಾರಿ ತಪ್ಪಿದಂಗ ಕಾಣ್ತದಲ್ಲ.’

ಕುಶಲ ಶೆಟ್ಟಿಯ ಕಿವಿಯ ತುದಿ ಕೆಂಪಾಯಿತು. ಹೆಂಡತಿಯ ಮುಖ ನೋಡಿದ, ಅವಳು ನಗುತ್ತಿದ್ದಳು. ಅವನು ಕಾಲನ್ನು ತೆಗೆಯಲಿಲ್ಲ. ‘ಗದ್ದಿ ಕಂಡ್ರೆ ಹಾಂಗೇ ಅದ್’ ಎಂದ, ಯಾರಿಗೆಂದು ಇಲ್ಲದೆ.

ಜ್ಯೋತ್ಸ್ನಾಬಾಯಿ ಕುರ್ಚಿಯ ಕೈ ಹಿಡಿದು ಎದ್ದರು. ಎದ್ದು ಬರುವುದಕ್ಕೆ ಅವರಿಗೆ ಹೊತ್ತು ಹಿಡಿಯಿತು, ಮೊಣಕಾಲು ನೋವಿನವರು. ‘ಮುಂದಿನ ವರ್ಷ ನಾ ಆ ಗ್ವಾಡಿ ನೋಡಾಕ ಮತ್ತ ಹೊಂಟೀನಿ’ ಎಂದರು. ‘ನೀವೂ ಜೋಡಿ ಬರ್ರಿ. ಆದ್ರ ರಾತ್ರಿ ನಿಮ್ಮ ಖೋಲಿ ಚಿಲಕ ಹೊರಗಿನಿಂದ ನಾನs ಹಾಕ್ತೀನಿ, ಬೆಳಿಗ್ಗೆ ನಾನs ತಗೀತೀನಿ. ಗದ್ದಿಗೆ ಹೋಗೂದಿದ್ರ ಇಬ್ರೂ ಹೋಗೂಣು.’ ಹೇಳುತ್ತಲೇ ಒಂದು ಕಾಲಿನ ಚಪ್ಪಲಿಯನ್ನು ಇನ್ನೊಂದು ಕಾಲಿನಿಂದ ಕಳಚಿ, ಪ್ರೇಮಾವತಿಯ ಭುಜದ ಮೇಲೆ ಭಾರ ಬಿಟ್ಟು, ತಣ್ಣನೆಯ ಟೈಲ್ಸಿನ ಮೇಲೆ ತಮ್ಮ ಹಿಮ್ಮಡಿಯನ್ನು ಅಡ್ಡಡ್ಡ ಊರಿ ಒತ್ತಿದರು. ಹುಬ್ಬು ಗಂಟಿಕ್ಕಿತ್ತು, ಕಷ್ಟದ ಗೆರೆಯೊಂದನ್ನು ಎಳೆಯುವವರ ಹಾಗೆ.

‘ನಿಂತಿತೇನ್ರಿ ನೀರು?’

ಪ್ರೇಮಾವತಿ ಬಗ್ಗಿ, ಆ ಪಾದದ ಸುತ್ತ ನೋಡಿ, ಕಿವಿಗೊಟ್ಟು ಕೇಳಿದಳು.

‘ಇಲ್ಲ ಟೀಚರೇ’ ಎಂದಳು, ‘ಇನ್ನೂ ಸೋರ್ತಾ ಉಂಟು. ಒತ್ತಿ.’